ರಾಗಿಗೊಂದು ಕೋಣೆ

ಈಗ ಮನೆಯ ನಕ್ಷೆ ಶುರುವಾಗುವುದೇ ಕಾರಿನಿಂದ. 30x40 ನಿವೇಶನದಲ್ಲಿ ಅದಕ್ಕೊಂದು ಮೂಲೆ ಗೊತ್ತಾದ ಮೇಲೆ ಮಿಕ್ಕಿದ್ದರಲ್ಲಿ ಮನುಷ್ಯರು ಹೊಂದಿಕೊಳ್ಳಬೇಕು. ನಮ್ಮ ಮನೆಗೂ ಎಂಜಿನಿಯರ್ ಹುಡುಗ ಹಾಗೆಯೇ ಬರೆದು ತಂದಿದ್ದ. ಅಮ್ಮ ಕನ್ನಡಕ ಏರಿಸಿ ನೋಡಿದಳು.

"ಎಲ್ಲಾ ಚೆನ್ನಾಗದೆ ಕಣಪ್ಪ. ರಾಗಿ ಎಲ್ಲಿಡೋದು?"

"ಲಾಫ್ಟ್ ಕೊಟ್ಟಿದೀನಲ್ಲಮ್ಮಾ."

ಅವನದೇನೂ ತಪ್ಪಿಲ್ಲ. ಹಿಂದೆ ಕಾಳುಕಡ್ಡಿ ಅಟ್ಟಕ್ಕೇ ಏರುತ್ತಿತ್ತು. ಆದರೆ ಆ ಅಟ್ಟದ ಕೆಳಗೆ ಸೌದೆ ಒಲೆ ಉರಿಯುತ್ತಿತ್ತು. ದಿನವೂ ಹೊಗೆ ಕುಡಿದು ತೊಲೆ ಜಂತೆ ಕಪ್ಪಾಗಿ, ಅಲ್ಲಿ ತೇವವೂ ನಿಲ್ಲುತ್ತಿರಲಿಲ್ಲ, ಹುಳುವೂ ಸುಳಿಯುತ್ತಿರಲಿಲ್ಲ. ಆರ್‌ಸಿಸಿ ತಾರಸಿಯ ಕೆಳಗಿನ ಲಾಫ್ಟ್ ಹಗಲೆಲ್ಲ ಕಾಯುತ್ತದೆ, ಮಳೆಗಾಲದಲ್ಲಿ ಬೆವರುತ್ತದೆ. ಅಲ್ಲಿ ಹಳೆಯ ಸೂಟ್‌ಕೇಸ್ ಇಡಬಹುದು, ಧಾನ್ಯವನ್ನಲ್ಲ.

ಅಮ್ಮನ ತವರಿನಲ್ಲಿ ರಾಗಿಗೆ ಇದ್ದದ್ದು ಹಗೇವು. ಗಟ್ಟಿ ನೆಲದಲ್ಲಿ ತೋಡಿದ ಗುಂಡಿ. ಬಾಯಿ ಒಬ್ಬ ಆಳು ಇಳಿಯುವಷ್ಟೇ ಕಿರಿದು, ಹೊಟ್ಟೆ ಅಗಲ. ಒಳಗೆ ಸುತ್ತಲೂ ಹುಲ್ಲು ಹಾಸಿ, ಕಣದಲ್ಲಿ ತೂರಿ ಚೆನ್ನಾಗಿ ಒಣಗಿಸಿದ ರಾಗಿ ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿಯೂ ಅದರಲ್ಲಿ ಸೇರಿಕೊಂಡ ಹುಳುವೂ ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸುತ್ತವೆ. ಹುಳು ಸಾಯುತ್ತದೆ, ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಔಷಧಿಯ ಖರ್ಚಿಲ್ಲ. ಅಪಾಯವೂ ಅದೇ ಗಾಳಿಯಲ್ಲಿತ್ತು. ತೆಗೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಮೊದಲು ಹಗ್ಗದಲ್ಲಿ ದೀಪ ಇಳಿಬಿಡಬೇಕು. ಆರಿದರೆ ಕಾಯಬೇಕು. ಆತುರಕ್ಕೆ ಇಳಿದು ಸತ್ತವರ ಕಥೆ ಬಯಲುಸೀಮೆಯ ಎಷ್ಟೋ ಊರುಗಳಲ್ಲಿದೆ. ಗಾಳಿಯಾಡದಂತೆ ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲವನ್ನು ಈಗ ಹೊಸ ತಂತ್ರಜ್ಞಾನವೆಂದು ಮಾರುತ್ತಾರೆ. ಅದರ ಒಳಗುಟ್ಟೂ ಇಷ್ಟೇ.

ಪೇಟೆಯ ಸೈಟಿನಲ್ಲಿ ಹಗೇವು ತೋಡಿದರೆ ಪಕ್ಕದ ಸಂಪಿನ ನೀರೇ ಮೊದಲು ಇಳಿದು ಬರುತ್ತದೆ. ಅದಕ್ಕೇ ಲೆಕ್ಕಕ್ಕೆ ಕೂತೆ. ಐದು ಜನದ ಮನೆಗೆ ದಿನಕ್ಕೆ ಒಂದೂವರೆ ಕೆಜಿ ಎಂದರೂ ವರ್ಷಕ್ಕೆ ಐದೂವರೆ ಕ್ವಿಂಟಲ್. ಕೇಳಲು ದೊಡ್ಡದು, ಇಡಲು ಒಂದು ಕಬ್ಬಿಣದ ಬೀರುವಿನಷ್ಟು ಜಾಗ. ಉಟ್ಟು ಬಿಟ್ಟ ಬಟ್ಟೆಗೆ ಮೂರು ಬೀರು ಬರೆದವರಿಗೆ ಅನ್ನಕ್ಕೆ ಒಂದು ಹೆಚ್ಚಾಯಿತೆ?

ರಾಗಿ ಮೂಲತಃ ಸಾಧು. ಕಾಟ ಕೊಡುವುದು ಅವರೆ, ತೊಗರಿ. ಅವುಗಳ ಹುಳು ಹೊಲದಲ್ಲೇ ಮೊಟ್ಟೆಯಿಟ್ಟು ಮೂಟೆಯ ಜೊತೆಗೇ ಗೃಹಪ್ರವೇಶ ಮಾಡುತ್ತದೆ. ಹಾಗಾಗಿ ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಬೇಕು, ಬೇಳೆಗೆ ಹರಳೆಣ್ಣೆ ಸವರಬೇಕು. ಇದಕ್ಕೆಲ್ಲ ಬಿಸಿಲು ಬೀಳುವ ಜಗುಲಿ ಬೇಕು. ಅಂದರೆ ಕಾರು ಹಿಂದೆ ಸರಿಯಬೇಕು!

ವಾಸ್ತು ಕೂಡ ಅಮ್ಮನ ಕಡೆಗೇ ಇತ್ತು. ಧಾನ್ಯಕ್ಕೆ ವಾಯುವ್ಯ, ಗಾಳಿಯ ಮೂಲೆ. ಹುಡುಗ ಅಲ್ಲಿ ಅತಿಥಿಗಳ ಬಚ್ಚಲು ಹಾಕಿದ್ದ. ವರ್ಷಕ್ಕೆರಡು ಸಲ ಬರುವ ಅತಿಥಿಗೆ ಮನೆಯವರ ಬಚ್ಚಲೇ ಸಾಲದೆ? ಅದನ್ನು ಅಳಿಸಿ ಎಂಟಡಿ ಉದ್ದ, ಐದಡಿ ಅಗಲದ ಕೋಣೆ ಬರೆಸಿದೆವು. ಮೂಟೆಗಳು ನೆಲದ ತೇವ ಹೀರದಂತೆ ಹಲಗೆ, ಗೋಡೆಗೂ ಮೂಟೆಗೂ ನಡುವೆ ಒಂದು ಗೇಣು, ಮೇಲೆ ಜಾಲರಿ ಹೊಡೆದ ಕಿಂಡಿ.

ಹುಡುಗ ಬಾಗಿಲಿಗೆ ಎರಡೂವರೆ ಅಡಿ ಬರೆದ. ಅಮ್ಮ ತಲೆಯಾಡಿಸಿದಳು.

"ಮೂಟೆ ಹೊತ್ತೋನು ಅಡ್ಡ ತಿರುಗಿ ಬರಕ್ಕಾಯ್ತದ? ಮೂರೂವರೆ ಮಾಡು. ನಮ್ಮ ರೂಮಿನ ಬಾಗಿಲು ಬೇಕಾದ್ರೆ ಸಣ್ಣಗಿರ್ಲಿ."