ಕಾಣದ ಎಲೆ

ತೋಲ್ಪೆಟ್ಟಿಯಲ್ಲಿ ಇರುಳಾದೊಡನೆ ಹೊರಗೆ ಆನೆಗಳ ಅಧಿಕಾರ. ಒಳಗೆ ನಾವು ಮೂರೆಲೆಯಾಟಕ್ಕೆ ಕೂರುವೆವು. ಪಣ ರೋಬಸ್ಟಾ ಕಾಫಿಬೀಜ. 52 ಎಲೆಗಳಿಂದ ಮೂರನ್ನು 22,100 ಬಗೆಯಲ್ಲಿ ಆಯಬಹುದು. ಅವುಗಳಲ್ಲಿ 16,440 ಜೋಡಿಯಿಲ್ಲದ, ಸರಣಿಯಿಲ್ಲದ, ಒಂದೇ ಬಣ್ಣವೂ ಅಲ್ಲದ ಬರಿಗೈಗಳು. ಆದುದರಿಂದ ಆಟವೆಲ್ಲ ನಿಂತಿರುವುದು ಮುಖದ ಮೇಲೆ. ಎಲೆ ನೋಡದೆ ಆಡುವವರು ನೋಡಿದವರ ಅರ್ಧದಷ್ಟು ಪಣವಿಟ್ಟರೆ ಸಾಕು. ಎಂತಹ ಧೂರ್ತ ರಿಯಾಯಿತಿ!

ನಮ್ಮ ಮನೆಯ ಹಿರಿಯಾಕೆ ಈಗ ನೋಡದೆಯೇ ಆಡುತ್ತಾರೆ. ಕಳೆದ ಮಳೆಗಾಲದಿಂದ ಕಣ್ಣಿಗೆ ಪೊರೆ. ಇಸ್ಪೀಟು ಗುಲಾಮನೂ ಆಟೀನು ಗುಲಾಮನೂ ಅವರಿಗೆ ಒಂದೇ. ಅದನ್ನು ಅವರು ಯಾರಿಗೂ ಹೇಳಿಲ್ಲ. ನಾವೂ ಅರಿಯದವರಂತೆ ಮುಖವಿಟ್ಟುಕೊಂಡಿದ್ದೇವೆ. ಮೊನ್ನೆ ರಾಜರ ಜೋಡಿ ಕೈಯಲ್ಲಿದ್ದೂ ಎಲೆ ಮಗುಚಿಟ್ಟೆವು. ಅವರ ಎಲೆ ಬಿಚ್ಚುವ ಪ್ರಮೇಯವೇ ಬರಲಿಲ್ಲ. ಬೀಜಗಳನ್ನು ಬಾಚಿಕೊಂಡು, ಬೆರಳಿನಿಂದಲೇ ಒಂದೂ ತಪ್ಪದೆ ಎಣಿಸಿದರು.