ಕಣಕ್ಕೆ ಅರ್ಧ

ಮಸಗುಪ್ಪಿಯಲ್ಲಿ ಬೀಜ ಅಂದರೆ ಕಬ್ಬಿನ ತುಂಡು. ನನ್ನ ಪ್ರಯೋಗಾಲಯದಲ್ಲಿ ಅದು ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದ ಪಾಲಿಸ್ಟೈರೀನ್ ಕಣ. 70 ಡಿಗ್ರಿ ಕಾವಿನಲ್ಲಿ ಪೊಟ್ಯಾಸಿಯಂ ಪರ್ಸಲ್ಫೇಟ್ ಬೆರೆಸಿ, ಇನ್ನೊಂದು ಮಾನೋಮರನ್ನು ಹನಿಹನಿಯಾಗಿ ಬಿಡುತ್ತೇನೆ. ಬೀಜದ ಮೇಲೆ ಹೊಸ ಪಾಲಿಮರಿನ ಪದರ ಬೆಳೆಯಬೇಕು. ಸಾಬೂನಂಶ ಹೆಚ್ಚಾದರೆ ನೀರಿನಲ್ಲೇ ಬೇರೆ ಕಣಗಳು ಹುಟ್ಟಿ ಬೀಜದ ಪಾಲು ಕಸಿಯುತ್ತವೆ. ಸಕ್ಕರೆ ಕಾರ್ಖಾನೆಯಲ್ಲೂ ಇದೇ ತಂಟೆ: ಪಾಕಕ್ಕೆ ಸಣ್ಣ ಹರಳು ಬಿತ್ತಿ ಬೆಳೆಸುವಾಗ ಬೇಡದ ಪುಡಿಹರಳು ಏಳುತ್ತದೆ.

ನನ್ನನ್ನು ಹಿಡಿದಿಟ್ಟದ್ದು ಒಂದು ಅರ್ಧ. 1948ರಲ್ಲಿ ಸ್ಮಿತ್ ಮತ್ತು ಯೂವರ್ಟ್ ಕೊಟ್ಟ ಲೆಕ್ಕ ಅದು. ಸಣ್ಣ ಕಣದೊಳಗೆ ಒಂದು ರ್‍ಯಾಡಿಕಲ್ ಹೊಕ್ಕರೆ ಸರಪಳಿ ಬೆಳೆಯುತ್ತದೆ; ಎರಡನೆಯದು ಹೊಕ್ಕ ಕೂಡಲೇ ಎರಡೂ ಸೇರಿ ಸುಮ್ಮನಾಗುತ್ತವೆ; ಮೂರನೆಯದು ಬಂದರೆ ಮತ್ತೆ ಶುರು. ಯಾವ ಹೊತ್ತಿಗೆ ನೋಡಿದರೂ ಸರಾಸರಿ ಕಣಕ್ಕೆ ಅರ್ಧ ರ್‍ಯಾಡಿಕಲ್. ಹೊಕ್ಕದ್ದು ಹೊರಬೀಳದಿದ್ದರೆ ಮಾತ್ರ! ಕಣ ದಪ್ಪವಾದಂತೆ ಎರಡೂ ಒಳಗೇ ಬದುಕಿರಬಲ್ಲವು, ಅರ್ಧ ಅರ್ಧವಾಗಿ ಉಳಿಯುವುದಿಲ್ಲ. ಅದು ಎಲ್ಲಿಂದ ಕದಲುತ್ತದೆ ಎಂಬುದೇ ನನ್ನ ಪ್ರಬಂಧ. ಫೆಲೋಶಿಪ್ಪಿನ ಕೊನೆಯ ತಿಂಗಳುಗಳು ನಡೆದಿವೆ.

ಕಳೆದ ಸಲ ಊರಿಗೆ ಹೋದಾಗ ಅಪ್ಪನಿಗೆ ಬಾಟಲಿ ತೋರಿಸಿದೆ. ಥೇಟ್ ಹಾಲು.

"ಐದ್ ವರ್ಸದಾಗ ಇಷ್ಟ ಆತೇನ? ಕುಡಿಯಾಕೂ ಬರಂಗಿಲ್ಲ!"

"ಗ್ವಾಡಿಗೆ ಹಚ್ಚೂ ಬಣ್ಣ ಇಂಥಾದ್ರಾಗಿಂದನ ಆಗೂದಪ್ಪಾ."

ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಹಂಗಾರ ಕಬ್ಬಿನ ಬಿಲ್ಲು ಬರ್ಲಿ. ಪಡಸಾಲಿಗೆ ಹಚ್ಚೂನು."