ಯಾವ ಸಾಲು ಹಿಡಿಸಿತು?

ಬೆಳಿಗ್ಗೆ ಚಹಾದ ಹೊತ್ತಿಗೆ ಅಕ್ಕನ ಮಗಳು ಮೊಬೈಲು ತಂದು ಕಣ್ಣ ಮುಂದೆ ಹಿಡಿದಳು. "ಮೌಶಿ, ಕಾಮೆಂಟ್ ಬಂದದ ನೋಡು." ಹುಡುಗಿಗೆ ಷರ್ಲಾಕ್ ಹೋಮ್ಸ್ ಎಂದರೆ ಪ್ರಾಣ. ಕಾನನ್ ಡಾಯ್ಲ್ ಹೇಳದೆ ಬಿಟ್ಟ ಕಥೆಗಳನ್ನು ತಾನೇ ಕೂತು ಬರೆಯುತ್ತಾಳೆ; ಫ್ಯಾನ್ ಫಿಕ್ಷನ್ ಅನ್ನುತ್ತಾರಲ್ಲ, ಅದು. ಬಂದ ಕಾಮೆಂಟಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಮುಂದಿನ ಅಧ್ಯಾಯ ಯಾವಾಗ? ಅವಳಿಗೆ ಅಷ್ಟರಲ್ಲೇ ಖುಷಿ. ನನಗೆ ಮಾತ್ರ ಕಪ್ಪಿನಲ್ಲಿದ್ದ ಚಹಾ ರುಚಿಸಲಿಲ್ಲ.

ಆ ಅಧ್ಯಾಯ ನಾನು ಓದಿದ್ದೆ, ಅದಕ್ಕೇ ಈ ಸಂಕಟ. ಡಾಯ್ಲ್‌ನ ಕಥೆಯೊಳಗೆ ಹೋಮ್ಸ್ 1891ರಲ್ಲಿ ಜಲಪಾತಕ್ಕೆ ಬಿದ್ದು ಸತ್ತನೆಂದು ಎಲ್ಲರೂ ನಂಬಿದ್ದರು, 1894ರಲ್ಲಿ ದಿಢೀರನೆ ಮರಳಿದ. ಆ ಮೂರು ವರ್ಷ ಬೇಕರ್ ಸ್ಟ್ರೀಟಿನ ಕೋಣೆಗಳು ಇದ್ದ ಹಾಗೇ ಇದ್ದವು, ಅಣ್ಣ ಮೈಕ್ರಾಫ್ಟ್ ನೋಡಿಕೊಂಡಿದ್ದ ಎಂದು ಡಾಯ್ಲ್ ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾನೆ. ಮನೆಯೊಡತಿ ಮಿಸೆಸ್ ಹಡ್ಸನ್‌ಗೆ ಏನೂ ಗೊತ್ತಿರಲಿಲ್ಲ. ಅವನು ಎದುರಿಗೆ ಬಂದು ನಿಂತಾಗ ಆಕೆ ಕಿರುಚಾಡಿ ಕಂಗಾಲಾದಳು. ಅದೇ ಹೆಂಗಸು ಅವತ್ತು ರಾತ್ರಿ, ಹೊರಗೆ ಬಂದೂಕು ಹಿಡಿದು ಕಾದವನಿದ್ದಾಗ, ಕಾಲು ಗಂಟೆಗೊಮ್ಮೆ ತನ್ನ ನೆರಳು ಕಿಟಕಿಗೆ ಬೀಳದಂತೆ ಹೋಗಿ ಹೋಮ್ಸ್‌ನ ಮೇಣದ ಬೊಂಬೆಯನ್ನು ಹೊರಳಿಸುತ್ತಿದ್ದಳು. ಇಂಥವಳು ಮೂರು ವರ್ಷ ಆ ಕೋಣೆಯಲ್ಲಿ ಏನು ಮಾಡುತ್ತಿದ್ದಳು? ನಮ್ಮ ಹುಡುಗಿ ಹಿಡಿದದ್ದು ಈ ಎಳೆಯನ್ನು. ಅವಳ ಕಥೆಯಲ್ಲಿ ಮಿಸೆಸ್ ಹಡ್ಸನ್ ಧೂಳು ಒರೆಸುತ್ತ ಪಿಟೀಲಿನ ಮುಂದೆ ನಿಲ್ಲುತ್ತಾಳೆ. ನುಡಿಸದೆ ಇಟ್ಟರೆ ತಂತಿ ಸಡಿಲಿಸಬೇಕೆಂದು ಯಾರೋ ಹೇಳಿರುತ್ತಾರೆ. ಬಿರಟೆಗೆ ಕೈ ಹಾಕುತ್ತಾಳೆ, ತಿರುಗಿಸಲಾರಳು. ಸಡಿಲಿಸಿದರೆ ಅವನು ಇನ್ನು ಬರುವುದಿಲ್ಲವೆಂದು ತಾನೇ ಒಪ್ಪಿಕೊಂಡ ಹಾಗೆ. ಮರುದಿನ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಒರೆಸುತ್ತಾಳೆ.

ಇಪ್ಪತ್ತರ ಹುಡುಗಿಗೆ ಇದು ಹೇಗೆ ಹೊಳೆಯಿತು? ಓದಿದವರಿಗೆ ಆ ಬಿರಟೆ ಕಾಣಲಿಲ್ಲವೇ? ಕಂಡಿರುತ್ತದೆ. ಕಂಡದ್ದರಿಂದಲೇ ಮುಂದಿನ ಅಧ್ಯಾಯ ಕೇಳಿದ್ದಾರೆ. ಹಾಗಾದರೆ ಅದನ್ನು ಹೇಳಬೇಕಿತ್ತು. ಹೊಗಳಿದರೆ ಬರೆಯುವವರಿಗೆ ಹುರುಪು ಬರುತ್ತದೆ, ಹೀಯಾಳಿಸಿದರೆ ಕೈ ಸೋಲುತ್ತದೆ ಎಂಬುದೆಲ್ಲ ಗೊತ್ತಿರುವ ವಿಚಾರ, ಅದರ ಗೊಡವೆ ಬೇಡ. ನನ್ನ ತಕರಾರು ಈ ತಗಾದೆಯ ಮೇಲೆ.

ತಗಾದೆಗೆ ದೊಡ್ಡ ಚರಿತ್ರೆಯೇ ಇದೆ. 1893ರ ಡಿಸೆಂಬರಿನಲ್ಲಿ ಸ್ಟ್ರ್ಯಾಂಡ್ ಪತ್ರಿಕೆಯಲ್ಲಿ ಹೋಮ್ಸ್ ಸತ್ತಾಗ ಓದುಗರು ಡಾಯ್ಲ್‌ಗೆ ಸಿಟ್ಟಿನ ಕಾಗದಗಳನ್ನು ಬರೆದರು. ಒಬ್ಬಾಕೆ ಅವನನ್ನು ಮೃಗವೆಂದೇ ಬೈದಳಂತೆ, ಅವನೇ ಬರೆದುಕೊಂಡಿದ್ದಾನೆ. ಹತ್ತು ವರ್ಷದ ಮೇಲೆ, 1903ರಲ್ಲಿ, ಅವನು ಹೋಮ್ಸ್‌ನನ್ನು ಬದುಕಿಸಿದ್ದು ನಿಜ. ಆದರೆ ಅವನ ಮುಂದೆ ಅಮೆರಿಕದ ಪತ್ರಿಕೆಯೊಂದು ದೊಡ್ಡ ಮೊತ್ತ ಇಟ್ಟಿತ್ತು. ನಮ್ಮ ಹುಡುಗಿಯ ಮುಂದೆ ಯಾರು ಏನು ಇಟ್ಟಿದ್ದಾರೆ? ಫ್ಯಾನ್ ಫಿಕ್ಷನ್ ಹೆಚ್ಚಾಗಿ ದುಡ್ಡಿಲ್ಲದ ಬರವಣಿಗೆ. ಅವಳು ಕಥೆ ಹಾಕುವ 'ಆರ್ಕೈವ್ ಆಫ್ ಅವರ್ ಓನ್' ಸ್ವಯಂಸೇವಕರೇ ನಡೆಸುವ ಸಂಗ್ರಹ. 2009ರಲ್ಲಿ ಸಾರ್ವಜನಿಕರಿಗೆ ತೆರೆಯಿತು, ಅಲ್ಲಿ ಕಥೆಗೆ ಹಣ ಕೇಳುವ ಹಾಗೇ ಇಲ್ಲ. 2019ರಲ್ಲಿ ಡಬ್ಲಿನ್ನಿನಲ್ಲಿ ಅದಕ್ಕೆ ಹ್ಯೂಗೋ ಪ್ರಶಸ್ತಿ ಬಂತು. ಸ್ವೀಕರಿಸಿದ ಕಾದಂಬರಿಕಾರ್ತಿ ನವೋಮಿ ನೋವಿಕ್, ಇದು ನಮ್ಮದು ಅನ್ನಿಸುವವರೆಲ್ಲ ಎದ್ದು ನಿಲ್ಲಿ ಎಂದು ಸಭೆಯನ್ನು ಕೇಳಿಕೊಂಡಳು. ಹಾಗೆ ನಿಂತವರು ಹಣಕ್ಕಾಗಿ ಬರೆದವರಲ್ಲ. ಆ ಸಂಗ್ರಹದಲ್ಲಿ ಮೆಚ್ಚುಗೆಗೆಂದು ಒಂದು ಹೃದಯದ ಗುಂಡಿ ಇದೆ, ಒಬ್ಬ ಓದುಗ ಒಂದು ಕೃತಿಗೆ ಒಮ್ಮೆ ಒತ್ತಬಹುದು. ಸಂಕೋಚದವರಿಗೆ ಅದು ಒಳ್ಳೆಯ ಅನುಕೂಲ, ನಾನು ಬೇಡವೆನ್ನುವುದಿಲ್ಲ.

ಇಂಟರ್ನೆಟ್ಟಿಗೆ ಮುಂಚೆ ವಿಜ್ಞಾನ ಕಥೆಗಳ ಅಭಿಮಾನಿಗಳು ಸೈಕ್ಲೋಸ್ಟೈಲ್ ಮಾಡಿ ಹೊರಡಿಸುತ್ತಿದ್ದ ಪತ್ರಿಕೆಗಳಲ್ಲಿ ಒಂದು ಪದ್ಧತಿ ಇತ್ತು, ನನಗೆ ಬಹಳ ಪ್ರಿಯವಾದದ್ದು. ಮುಂದಿನ ಸಂಚಿಕೆ ಬೇಕಾದರೆ ದುಡ್ಡೇ ಕಳಿಸಬೇಕೆಂದಿಲ್ಲ. ನಿಮ್ಮದೊಂದು ಲೇಖನ ಕಳಿಸಿ, ಇಲ್ಲವೇ ನಿಮ್ಮ ಪತ್ರಿಕೆ ಕಳಿಸಿ, ಎರಡೂ ಇಲ್ಲದಿದ್ದರೆ ಹಿಂದಿನ ಸಂಚಿಕೆ ಓದಿ ನಾಲ್ಕು ಮಾತು ಕಾಗದ ಬರೆಯಿರಿ. ಕಾಗದವೇ ಚಂದಾ! ಮುಂದಿನದನ್ನು ಕೇಳುವ ಹಕ್ಕು ಹಿಂದಿನದರ ಬಗ್ಗೆ ಮಾತಾಡಿದವರಿಗೆ. ಎಷ್ಟು ನ್ಯಾಯವಾದ ಏರ್ಪಾಡು.

ಧಾರವಾಡದಲ್ಲಿ ಬೆಳೆದವಳಾದ್ದರಿಂದ ಇಲ್ಲಿಗೆ ಬಂದರೆ ನನ್ನ ಮಾತು ಬೈಠಕ್ಕಿಗೆ ಹೊರಳಲೇಬೇಕು. ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂತು ಕೇಳುವ ಗಾಯನದಲ್ಲಿ ದಾದ್, ಅಂದರೆ ಮೆಚ್ಚುಗೆ, ಕೊಡುವುದಕ್ಕೆ ಒಂದು ಜಾಗ ಇರುತ್ತದೆ. ಗಾಯಕ ಎಲ್ಲೋ ತಿರುಗಾಡಿ, ಇನ್ನೇನು ತಪ್ಪಿದ ಅನ್ನುವಾಗ ಸಮಕ್ಕೆ ಬಂದು ಇಳಿಯುತ್ತಾನೆ. ಅದೇ ಕ್ಷಣಕ್ಕೆ ಮುಂದಿನ ಸಾಲಿನ ಅಜ್ಜ "ಕ್ಯಾ ಬಾತ್" ಅನ್ನುತ್ತಾನೆ. ಒಂದು ಮಾತ್ರೆ ಹಿಂದೆ ಇಲ್ಲ, ಮುಂದೆ ಇಲ್ಲ. ಗಾಯಕ ಅವನ ಕಡೆ ನೋಡಿ ಅದೇ ಸ್ವರಗುಚ್ಛವನ್ನು ಇನ್ನೊಂದು ಬಗೆಯಲ್ಲಿ ತಿರುವಿ ಹಾಡುತ್ತಾನೆ. ಯಾವುದು ತಾಕಿತೆಂದು ಅವನಿಗೆ ತಿಳಿಯಿತು, ಹಾಡು ಬೆಳೆಯಿತು. ಈಗ ದೊಡ್ಡ ಸಭಾಂಗಣಗಳಲ್ಲಿ ಕೇಳುಗರ ಮೇಲಿನ ದೀಪ ಆರಿಸಿಬಿಡುತ್ತಾರೆ. ವೇದಿಕೆ ಝಗಝಗ, ಎದುರಿಗೆ ಕತ್ತಲು. ಹಾಡುವವರಿಗೆ ಒಂದು ಮುಖ ಕಾಣುವುದಿಲ್ಲ, ತಲೆದೂಗಿದ್ದು ಗೊತ್ತಾಗುವುದಿಲ್ಲ; ಕೊನೆಗೆ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿ ಪಾರ್ಕಿಂಗಿಗೆ ಓಡುತ್ತಾರೆ. ಈ ದೀಪ ಆರಿಸುವ ಪದ್ಧತಿ ನಿಲ್ಲಬೇಕು. ಸಂಘಟಕರು ಸಿಕ್ಕಾಗಲೆಲ್ಲ ಹೇಳುತ್ತೇನೆ. ಫೋಟೋ ಚೆನ್ನಾಗಿ ಬರುವುದಿಲ್ಲ ಅನ್ನುತ್ತಾರೆ. ಫೋಟೋಕ್ಕಾಗಿ ಹಾಡಿಸುತ್ತೀರೇನು?

ಕಥೆ ಬರೆಯುವವರ ಎದುರಿಗಂತೂ ಯಾವಾಗಲೂ ಕತ್ತಲೇ. ಬಿರಟೆಯ ಮೇಲಿನ ಆ ಕೈ ತಾಕಿತು ಎಂದು ಒಬ್ಬರು ಹೇಳಿದರೆ ಆ ಹುಡುಗಿ ಅಲ್ಲಿಂದ ಎಲ್ಲಿಗೆ ಹೋಗುತ್ತಿದ್ದಳೋ! ಹೇಳಲು ಪಾಂಡಿತ್ಯ ಬೇಕಿಲ್ಲ. ಓದುತ್ತ ಎಲ್ಲಿ ನಿಂತಿರಿ, ಯಾವ ಮಾತನ್ನು ಹಿಂದಕ್ಕೆ ಹೋಗಿ ಮತ್ತೆ ಓದಿದಿರಿ, ಅಷ್ಟು ಬರೆದರೆ ಆಯಿತು.

ಹಾಗೆ ನೋಡಿದರೆ ಈ ವಿದ್ಯೆಯಲ್ಲಿ ಹೋಮ್ಸ್‌ನ ಗೆಳೆಯ, ಅವನ ಸಾಹಸಗಳನ್ನು ಬರೆದಿಡುವ ವಾಟ್ಸನ್‌ನನ್ನು ಮೀರಿಸಿದವರಿಲ್ಲ. 1887ರ ಮೊದಲ ಕಾದಂಬರಿಯಲ್ಲೇ ಅವನು ಹೋಮ್ಸ್‌ಗೆ, ಪತ್ತೇದಾರಿಯನ್ನು ವಿಜ್ಞಾನದ ಹತ್ತಿರಕ್ಕೆ ತಂದವನು ನೀನು ಎನ್ನುತ್ತಾನೆ. ಆ ಮಾತಿಗೆ, ಅದನ್ನು ಮನಸಾರೆ ಹೇಳಿದ ಬಗೆಗೆ ಹೋಮ್ಸ್‌ನ ಮುಖ ಕೆಂಪೇರುತ್ತದೆ. ಅಂಥ ಹೋಮ್ಸ್ ತಿರುಗಿ ವಾಟ್ಸನ್‌ಗೆ ಕೊಟ್ಟದ್ದೇನು? ನಿನ್ನ ಪುಸ್ತಕದಲ್ಲಿ ರಮ್ಯತೆ ಜಾಸ್ತಿ, ಯೂಕ್ಲಿಡ್‌ನ ಪ್ರಮೇಯದೊಳಗೆ ಪ್ರೇಮಕಥೆ ತುರುಕಿದ ಹಾಗಿದೆ ಎಂಬ ಟೀಕೆ. ಅವನನ್ನು ಮೆಚ್ಚಿಸಲೆಂದೇ ಬರೆದದ್ದಾಗಿತ್ತು, ವಾಟ್ಸನ್‌ಗೆ ನೋವಾಯಿತು. ಆದರೂ ಬರೆಯುವುದನ್ನು ಬಿಡಲಿಲ್ಲ.

1926ರಲ್ಲಿ ಪ್ರಕಟವಾದ ಒಂದು ಕಥೆಯನ್ನು ಡಾಯ್ಲ್ ಹೋಮ್ಸ್‌ನ ಕೈಯಿಂದಲೇ ಹೇಳಿಸುತ್ತಾನೆ. ವಾಟ್ಸನ್ ಮದುವೆಯಾಗಿ ಹೋಗಿದ್ದಾನೆ, ಹೋಮ್ಸ್ ಒಬ್ಬನೇ. ಲೇಖನಿ ಹಿಡಿದು ಕೂತ ಮೇಲೆ, ಓದುವವರಿಗೆ ಹಿಡಿಸುವಂತೆ ಹೇಳಲೇಬೇಕಾಗುತ್ತದೆ ಎಂದು ಅಲ್ಲಿ ಒಪ್ಪಿಕೊಳ್ಳುತ್ತಾನೆ. ಅಷ್ಟು ವರ್ಷದ ಮೇಲೆ ಬಂದ ಈ ಮಾತನ್ನು ಓದಿ ವಾಟ್ಸನ್ ಏನೆಂದು ಕಾಗದ ಬರೆದಿರಬಹುದು? ಡಾಯ್ಲ್ ಹೇಳಿಲ್ಲ. ಯಾರಾದರೂ ಅಭಿಮಾನಿ ಆ ಕಾಗದವನ್ನು ಬರೆದಿದ್ದರೆ ನನಗೆ ಓದಬೇಕಾಗಿದೆ.